ದೊಡ್ಡವ್ವನಿಗೆ, ಮತ್ತೆ ಉಳಿದ ಎಲ್ಲರಿಗೂ

ಕೆಲಸದ ಆಸೆ ತೋರಿಸಿ ಹುಡುಗಿಯೊಬ್ಬಳನ್ನು ಸಾಗಿಸಲು ಹೊರಟಿದ್ದ ಕೇಸಿನ ತೀರ್ಪು ಹೋದ ವಾರ ಬಂತು. ಯಾರಿಗೆ ಎಷ್ಟು ವರ್ಷ ಆಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಹುಡುಗಿಯ ಹೆಸರು, ಊರು ಕೂಡ ಬರೆಯುವುದಿಲ್ಲ. ಕಾನೂನು ಬೇಡ ಅನ್ನುತ್ತದೆ. ಅವಳೂ ಬೇಡ ಅಂದಿದ್ದಾಳೆ. ಫೋನ್ ಮಾಡಿದವರ ಜೊತೆ ಸರಿಯಾಗಿ ಮಾತಾಡಲಿಕ್ಕೆ ಆಗಲಿಲ್ಲ, ಹಬ್ಬದ ಬ್ಲೌಸುಗಳ ರಾಶಿ ಬಿದ್ದಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊನ್ನೆ ಶಾಲು ಹೊದಿಸಿ ಸನ್ಮಾನ ಮಾಡಿದರಲ್ಲ, ಆ ಬ್ಯಾನರ್‌ನಲ್ಲಿ ನನ್ನ ಹೆಸರಿನ ಮುಂದೆ ‘ಹೋರಾಟಗಾರ್ತಿ’ ಅಂತ ಇತ್ತು. ಓದಿ ನನಗೇ ನಗು ಬಂತು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಆ ಮಾತು ಸೀತವ್ವ ಜೋಡಟ್ಟಿ ಅವರಿಗೆ ಒಪ್ಪುತ್ತದೆ. ಏಳು ವರ್ಷದವರಿದ್ದಾಗ ದೇವದಾಸಿಯಾಗಿ ಬಿಡಲ್ಪಟ್ಟವರು, ಬೆಳೆದು ತಮ್ಮಂಥ ಹೆಂಗಸರನ್ನು ಒಟ್ಟುಗೂಡಿಸಿ ದುಡಿದರು. 2018ರಲ್ಲಿ ಪದ್ಮಶ್ರೀ ಬಂತು. ನಾನು ಗೋಕಾಕ ತಾಲೂಕಿನ ಒಂದು ಊರಲ್ಲಿ ಫಾಲ್ ಹಚ್ಚಿ, ಪೀಕೋ ಮಾಡಿ ಹೊಟ್ಟೆ ಹೊರೆಯುವವಳು. ಜೂನ್ ಬಂತೆಂದರೆ ಶಾಲೆ ಮಕ್ಕಳ ಯೂನಿಫಾರ್ಮ್.

ಶುರುವಾದದ್ದೂ ಯೂನಿಫಾರ್ಮಿನಿಂದಲೇ. ಸರಕಾರ ಕೊಟ್ಟ ಬಟ್ಟೆ ತಂದು ಹೊಲಿಯಲಿಕ್ಕೆ ಕೊಟ್ಟಿದ್ದಳು, ಎಂಟನೇ ಕ್ಲಾಸಿನ ಹುಡುಗಿ. ಬೆಳೆಯುವ ವಯಸ್ಸು ಅಂತ ಕೆಳಗೆ ಮೂರು ಬೆರಳು ಜಾಸ್ತಿ ಮಡಿಚಿ ಹೊಲಿದಿದ್ದೆ, ಮುಂದಿನ ವರ್ಷ ಬಿಚ್ಚಿಕೊಳ್ಳಲಿ ಅಂತ. ಒಯ್ಯಲಿಕ್ಕೆ ಬಂದವಳು, “ಬ್ಯಾಡ್ರಿ ಅಕ್ಕಾರ, ಇನ್ನ ಬೇಕಾಗಂಗಿಲ್ಲ. ಸಾಂಗ್ಲಿಗೆ ಹೊಂಟೀನಿ, ಬೇದಾಣಿ (ಒಣದ್ರಾಕ್ಷಿ) ಪ್ಯಾಕಿಂಗ್ ಕೆಲಸ” ಅಂದಳು. ಮುಖ ಅರಳಿತ್ತು. ಸಂಬಂಧಿಕ ಹೆಂಗಸೊಬ್ಬಳು ಮನೆಗೆ ಮುಂಗಡ ಕೊಟ್ಟಿದ್ದಳಂತೆ. ನಾನು ಹ್ಞೂಂ ಅಂದೆ, ಯೂನಿಫಾರ್ಮ್ ಮೊಳೆಗೆ ನೇತುಹಾಕಿದೆ, ಮತ್ತೆ ಮಷಿನ್ ತುಳಿದೆ.

ಸಂಜೆ ದೊಡ್ಡವ್ವ ಬಂದಳು. ಕೌದಿ ಹೊಲಿಯುವ ದೊಡ್ಡವ್ವ, ನಿಮಗೆ ಗೊತ್ತಲ್ಲ, ವಾರಕ್ಕೊಮ್ಮೆ ಚೂರು ಬಟ್ಟೆ ಒಯ್ಯಲಿಕ್ಕೆ ಬರುತ್ತಾಳೆ. ಮೊಳೆಯ ಕಡೆ ನೋಡಿ, “ಇದ್ಯಾಕ ಒಯ್ದಿಲ್ಲ?” ಅಂದಳು. ಹೇಳಿದೆ. ಕೈಯಲ್ಲಿದ್ದ ಗಂಟು ಕೆಳಗಿಟ್ಟಳು. “ಮುಂಗಡ ಎಷ್ಟು?” ಅಂದಳು. “ಯಾವ ಹೊತ್ತಿಗೆ ಹೋಗತಾರ?” ಅಂದಳು. ಕೆಲಸ ಯಾವುದು ಅಂತ ಕೇಳಲೇ ಇಲ್ಲ.

ಅವಳಿಗೂ ಸಣ್ಣವಳಿದ್ದಾಗ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಅದನ್ನು ನಿಷೇಧಿಸಿದ ಕಾನೂನು ಆದದ್ದು 1982ರಲ್ಲಿ. ಅವಳ ಕೊರಳಿಗೆ ಮುತ್ತು ಬಿದ್ದದ್ದು ಅದಕ್ಕೂ ಮೊದಲು. ಆಮೇಲೆ ಮುಂಬೈ. ಅದರ ಬಗ್ಗೆ ಜಾಸ್ತಿ ಮಾತಾಡುವವಳಲ್ಲ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದು ನಾನು ಅಂತ ಎಲ್ಲರೂ ಹೇಳುತ್ತಾರೆ. ಫೋನ್ ನನ್ನದು, ಅಷ್ಟೇ. ಪಕ್ಕದಲ್ಲಿ ನಿಂತು ಏನು ಹೇಳಬೇಕು ಅಂತ ಹೇಳಿಕೊಟ್ಟವಳು ಅವಳು. ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ ಸಿಕ್ಕಳು. ಕರೆದೊಯ್ಯಲು ಬಂದಿದ್ದವಳು ಜಾರಿಕೊಂಡಳು. ಠಾಣೆಗೆ ಹೋದರೆ (ಯಾವುದು ಅಂತ ಹೇಳುವುದಿಲ್ಲ) “ಹದ್ದು ನಮ್ಮದಲ್ಲ, ಬೆಳಿಗ್ಗೆ ಬರ್ರಿ” ಅಂದರು. ಹದ್ದು, ಅಂದರೆ ಠಾಣೆಯ ಸರಹದ್ದು, ಯಾರದ್ದೇ ಇರಲಿ, ದೂರು ಬರೆದುಕೊಳ್ಳಬೇಕು, ಅದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ ಅಂತ ಈಗ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ. ಆವತ್ತು ಗೊತ್ತಿರಲಿಲ್ಲ. ಮಳೆ ಹಿಡಿದಿತ್ತು, ಸಹಾಯವಾಣಿಯವರು ಬೆಳಗಾವಿಯಿಂದ ಬರುವ ಹೊತ್ತಿಗೆ ಬೆಳಗಾಗುತ್ತದೆ ಅಂತ ಗೊತ್ತಾಯಿತು. ಠಾಣೆಯ ಹೊರಗಿನ ಕಟ್ಟೆ ಮೇಲೆ ಮೂವರೂ ಕೂತೆವು.

ಹುಡುಗಿ ನಮ್ಮನ್ನು ಬಾಯಿಗೆ ಬಂದಂಗೆ ಬೈದಳು. “ನನ್ನ ಪಗಾರ ನೀವು ಕೊಡ್ತೀರೇನು?” ಅಂದಳು. ದೊಡ್ಡವ್ವ ಕೌದಿ ಹೊದಿಸಿದಳು, ಅವಳು ಕಿತ್ತು ಒಗೆದಳು. ದೊಡ್ಡವ್ವ ಎದ್ದು ಹೋಗಿ, ಎತ್ತಿ, ಝಾಡಿಸಿ, ಮತ್ತೆ ಹೊದಿಸಿದಳು. ಹೀಗೆ ಎಷ್ಟು ಸಲವೋ. ಒಂದು ಸಲವೂ ಬುದ್ಧಿಮಾತು ಹೇಳಲಿಲ್ಲ. ಎರಡು ಗಂಟೆ ಸುಮಾರಿಗೆ ನಾನು ಎದ್ದೆ. ಮನೆಯಲ್ಲಿ ಮಗು ಮಲಗಿದೆ ಅಂದೆ. ಅದು ನಿಜವೇ, ಆದರೆ ಹೆದರಿಕೆಯೂ ಆಗಿತ್ತು. ದೊಡ್ಡವ್ವ ನನ್ನ ಮುಖ ನೋಡಲಿಲ್ಲ. “ನೀ ಹೋಗವಾ. ರಾತ್ರಿ ಎಚ್ಚರ ಇರೋದು ನನಗ ರೂಢಿ ಐತಿ” ಅಂದಳು.

ನಾನು ಮತ್ತೆ ಕೂತೆ.

ನಸುಕಿನಲ್ಲಿ ಅವಳು ಹುಡುಗಿಯ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಿದ್ದು ಅರ್ಧ, ಅದನ್ನೂ ಇಲ್ಲಿ ಬರೆಯುವುದಿಲ್ಲ. ಹುಡುಗಿ ಕೌದಿಯನ್ನು ತಲೆ ತನಕ ಎಳೆದುಕೊಂಡಳು. ಅವತ್ತೇ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದರು. ಇಪ್ಪತ್ನಾಲ್ಕು ತಾಸಿನೊಳಗೆ ಒಯ್ಯಲೇಬೇಕಂತೆ. ಕೌದಿ ಅವಳ ಜೊತೆಗೇ ಹೋಯಿತು.

ಇದನ್ನು ಯಾರಿಗೂ ಹೇಳಿರಲಿಲ್ಲ. ಅದಕ್ಕೂ ಕೆಲವು ವರ್ಷ ಮೊದಲು ಇನ್ನೊಬ್ಬಳು ಬಂದಿದ್ದಳು. ಗೋವಾಕ್ಕೆ ಮನೆಗೆಲಸಕ್ಕೆ ಹೋಗುತ್ತೇನೆ ಅಂತ ಎರಡು ಚೂಡಿದಾರ ಅರ್ಜಂಟಾಗಿ ಹೊಲಿಸಿಕೊಂಡಳು. ದುಡ್ಡು ಕೊಟ್ಟದ್ದು ಅವಳಲ್ಲ, ಜೊತೆಗೆ ಬಂದಿದ್ದ ಹೆಂಗಸು. ನಾನು ಎಣಿಸಿ ತಗೊಂಡೆ. ಆ ಹುಡುಗಿ ತಿರುಗಿ ಬರಲಿಲ್ಲ. ಸನ್ಮಾನದ ದಿನ ಶಾಲು ಹೊದ್ದು ಕೂತಾಗ ತಲೆಯಲ್ಲಿ ಇದ್ದದ್ದು ಆ ನೋಟುಗಳು. ಅವಳ ಅಳತೆ ಇನ್ನೂ ನನ್ನ ಹಳೇ ಪುಸ್ತಕದಲ್ಲಿದೆ.

ಇರಲಿ. ಉಳಿದವರನ್ನು ಮರೆತಿಲ್ಲ. ಹಾಜರಿ ಪುಸ್ತಕದಿಂದ ಹುಡುಗಿಯ ಹೆಸರು ಹೊಡೆಯದೆ ಕಾದ ಟೀಚರ್, ಬಾಡಿಗೆ ಕೇಳದ ಆಟೋ ಕಾಕಾ, ಆಶಾ ಅಕ್ಕ, ಸಾಕ್ಷಿಗೆ ಬಂದ ಚಹಾದಂಗಡಿಯ ತಮ್ಮ, ಎಲ್ಲರಿಗೂ ಕೈ ಮುಗಿಯುತ್ತೇನೆ. ವಕೀಲ ಸರ್‌ಗೆ ಒಂದು ಮಾತು ಜಾಸ್ತಿ. “ಹುಡುಗಿ ತಾನೇ ಒಪ್ಪಿ ಹೊರಟಿದ್ದಳು” ಅಂತ ಆ ಕಡೆಯವರು ಅಂದಾಗ ನನ್ನ ಕೈಕಾಲು ತಣ್ಣಗಾಗಿತ್ತು. ಸಾಗಾಟದ ಕೇಸಿನಲ್ಲಿ ಒಪ್ಪಿಗೆಗೆ ಬೆಲೆ ಇಲ್ಲ, ಹಳೇ ಭಾರತೀಯ ದಂಡ ಸಂಹಿತೆಯ 370ನೇ ಕಲಮಿನಲ್ಲೇ ಹಾಗೆ ಬರೆದಿದೆ, ಮಗುವಾದರೆ ಕನಿಷ್ಠ 10 ವರ್ಷ ಶಿಕ್ಷೆ ಅಂತ ಅವರು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. 2024ರ ಜುಲೈ 1ರಿಂದ ಈಚೆಗೆ ನಡೆದ ಅಪರಾಧಗಳಿಗೆ ಅದೇ ಹೊಸ ಭಾರತೀಯ ನ್ಯಾಯ ಸಂಹಿತೆಯ 143 ಆಗಿದೆಯಂತೆ. ನಮ್ಮ ಮನೆಯವರು ಇಷ್ಟು ವರ್ಷ ಬೈದರು, ಆದರೆ ಒಂದು ದಿನವೂ ಗಾಡಿ ಕೀಲಿ ಬಚ್ಚಿಡಲಿಲ್ಲ.

ಈಗ ಅಂಗಡಿಗೆ ಅಳತೆ ಕೊಡಲಿಕ್ಕೆ ಬಂದವರು, “ಅಕ್ಕಾ, ನಮ್ಮ ಓಣ್ಯಾಗ ಒಬ್ಬಾಕಿನ ಪುಣೆಕ್ಕ ಕರಕೊಂಡು ಹೊಂಟಾರ” ಅಂತ ದನಿ ಇಳಿಸಿ ಹೇಳುತ್ತಾರೆ. ನಾನು ಟೇಪ್ ಕೊರಳಿಗೆ ಹಾಕಿಕೊಂಡು ಮೊದಲು ಕೇಳುವುದು, ಮುಂಗಡ ಎಷ್ಟು ಅಂತ.

ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಮೊಳೆಯ ಮೇಲಿನ ಯೂನಿಫಾರ್ಮ್ ಒಂದೇ ವರ್ಷ ಹಾಕಿಕೊಂಡಳು, ಮೂರು ಬೆರಳು ಬಿಚ್ಚಿದರೂ ಸಾಲಲಿಲ್ಲ.

ದೊಡ್ಡವ್ವಾ, ಇದನ್ನು ಮೊಮ್ಮಗಳು ಓದಿ ಹೇಳುತ್ತಾಳೆ ಅಂತ ಗೊತ್ತು. ಹೆಸರು ಹಾಕಬ್ಯಾಡ ಅಂದಿದ್ದಿ, ಹಾಕಿಲ್ಲ. ಚೂರು ಬಟ್ಟೆ ಎರಡು ಚೀಲ ತೆಗೆದಿಟ್ಟೀನಿ, ಈ ಸಲ ಹಸಿರು ಜಾಸ್ತಿ ಐತಿ. ಬುಧವಾರ ಬಾ, ಸಂತಿ ದಿನ ಬ್ಯಾಡ, ಗದ್ದಲ ಇರ್ತದ.