ಗಾಡಿಯ ಪೂರ್ವಾಶ್ರಮ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕೊಳ್ಳಬೇಕು ಅಂತ ನೀನು ಕಳಿಸಿದ ಮೂರೂ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳ ಫೋಟೋ ನೋಡಿದೆ. ಮೊದಲನೆಯದಕ್ಕೆ ಎತ್ತರಿಸಿದ ಸಸ್ಪೆನ್ಷನ್, ದಪ್ಪ ಟೈರು, ಮುಂದೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಪಕ್ಕದಲ್ಲಿ ಸ್ನಾರ್ಕೆಲ್ (ಇಂಜಿನ್ನಿಗೆ ಎತ್ತರದಿಂದ ಗಾಳಿ ಕೊಡುವ ಕೊಳವೆ), ನೆತ್ತಿ ಮೇಲೆ ದೀಪಗಳ ಸಾಲು. ಎರಡನೆಯದು ತೀರಾ ಕಡಿಮೆ ಓಡಿದ್ದು. ಮೂರನೆಯದು ಜಾಸ್ತಿ ಓಡಿದೆ, ಬಣ್ಣ ಮಾಸಿದೆ, ಆದರೆ ಕಾರ್ಖಾನೆಯಿಂದ ಬಂದ ಹಾಗೇ ಇದೆ. ನಿನ್ನ ಕಣ್ಣು ಮೊದಲನೆಯದರ ಮೇಲೆ ಅಂತ ನೀನು ಬರೆದ ರೀತಿಯಲ್ಲೇ ಗೊತ್ತಾಯಿತು. ನನ್ನ ಓಟು ಮೂರನೆಯದಕ್ಕೆ. ಯಾಕೆ ಅಂತ ಹೇಳುತ್ತೇನೆ, ಪತ್ರ ಸ್ವಲ್ಪ ಉದ್ದ ಆಗಬಹುದು.

ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳುವಾಗ ಗಾಡಿಯ ಹೆಸರಿಗಿಂತ ಅದರ ಪೂರ್ವಾಶ್ರಮ ಮುಖ್ಯ. ಒಂದೇ ಕಂಪನಿಯ, ಒಂದೇ ವರ್ಷದ ಎರಡು ಗಾಡಿ ಇವೆ ಅಂದುಕೋ. ಒಂದು 2 ಲಕ್ಷ ಕಿಲೋಮೀಟರ್ ಹೆದ್ದಾರಿಯಲ್ಲೇ ಓಡಿದೆ. ಇನ್ನೊಂದು ಓಡಿದ್ದು 80 ಸಾವಿರ ಮಾತ್ರ, ಆದರೆ ಅಷ್ಟೂ ಹಳ್ಳ, ಕೆಸರು, ಕಲ್ಲು. ನಾನಾದರೆ ಮೊದಲನೆಯದನ್ನು ತೆಗೆದುಕೊಳ್ಳುತ್ತೇನೆ. ಇಡೀ ದಿನ ಕೆಸರಲ್ಲಿ ಇಂಜಿನ್ ಅರಚಾಡಿದರೂ ಮೀಟರಿನಲ್ಲಿ ಕೂಡುವುದು ನಾಲ್ಕೈದು ಕಿಲೋಮೀಟರ್ ಅಷ್ಟೇ.

ಅಲಂಕಾರ ಮಾಡಿದ ಗಾಡಿಯ ಬಗ್ಗೆ ನನಗೆ ಅನುಮಾನ ಇರುವುದೂ ಅದಕ್ಕೇ. ವಿಂಚ್‌ಗೆ ದುಡ್ಡು ಸುರಿದವನು ಅದನ್ನು ಬಳಸಲು ಜಾಗ ಹುಡುಕಿಕೊಂಡು ಹೋಗಿಯೇ ಇರುತ್ತಾನೆ. ದಪ್ಪ ಟೈರಿನ ವಿಷಯ ಇನ್ನೂ ಇದೆ. ಟೈರಿನ ವ್ಯಾಸ ನೂರಕ್ಕೆ 10ರಷ್ಟು ಜಾಸ್ತಿಯಾದರೆ, ಗಾಡಿ 110 ಕಿಲೋಮೀಟರ್ ಓಡಿದಾಗ ಮೀಟರ್ 100 ಅಂತ ತೋರಿಸುತ್ತದೆ. ಅಂದರೆ ಆತ ಹೇಳುವ ಕಿಲೋಮೀಟರಿನಲ್ಲೇ ಕಳ್ಳತನ ಇದೆ, ಅವನಿಗೂ ಅದು ಗೊತ್ತಿರಲಿಕ್ಕಿಲ್ಲ. ಏರಿನಲ್ಲಿ ಎಳೆಯುವ ಬಲವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಬ್ರೇಕು, ವೀಲ್ ಬೇರಿಂಗ್, ಸ್ಟೇರಿಂಗ್ ಎಲ್ಲಕ್ಕೂ ಭಾರ ಜಾಸ್ತಿ. ಸಸ್ಪೆನ್ಷನ್ 50 ಮಿಲಿಮೀಟರ್ ತನಕ ಎತ್ತರಿಸಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅದಕ್ಕಿಂತ ಮೇಲೆ ಹೋದರೆ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಗಾಡಿ ನಡುಗುತ್ತದೆ, ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಕಡಿಮೆಯಾಗುತ್ತದೆ. ಅಷ್ಟಕ್ಕೂ ನಿನ್ನದು ಅರ್ಧ ಟಾರು, ಅರ್ಧ ಕಲ್ಲಿನ ದಾರಿ. ಅದಕ್ಕೆ ಇಷ್ಟೆಲ್ಲ ಯಾಕೆ?

ನಿನಗೆ ಖಂಡಿತ ಬೇಕಾಗಿರುವುದು ಲೋ ರೇಂಜ್, ಅಂದರೆ ವೇಗ ಇಳಿಸಿ ಬಲ ಹೆಚ್ಚಿಸುವ ಇನ್ನೊಂದು ಗೇರು ಸಾಲು. ನಾಲ್ಕೂ ಚಕ್ರಕ್ಕೆ ಬಲ ಹೋಗುತ್ತದೆ ಅಂತ ಹೇಳಿಕೊಳ್ಳುವ ಎಷ್ಟೋ ಗಾಡಿಗಳಲ್ಲಿ ಅದೇ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನಲ್ಲಿ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರು ಪೆಟ್ಟಿಗೆ) ಲೋ ರೇಂಜಿನ ಅನುಪಾತ 2.5 ಇದ್ದರೆ ಪ್ರತಿ ಗೇರಿನಲ್ಲೂ ವೇಗ ಎರಡೂವರೆ ಪಟ್ಟು ಇಳಿಯುತ್ತದೆ, ಚಕ್ರಕ್ಕೆ ಸಿಗುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಏರಿಗಿಂತ ಇಳಿಜಾರಿನಲ್ಲಿ ಇದರ ಬೆಲೆ ಗೊತ್ತಾಗುವುದು. ಲೋ ರೇಂಜಿನ ಒಂದನೇ ಗೇರಿಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಮೆಲ್ಲಗೆ ಇಳಿಸುತ್ತದೆ.

ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವ ಪಾರ್ಟ್ ಟೈಮ್ ಒಳ್ಳೆಯದೋ, ಯಾವಾಗಲೂ ಎಳೆಯುವ ಫುಲ್ ಟೈಮ್ ಒಳ್ಳೆಯದೋ ಅಂತ ನೀನು ಕೇಳಿದ್ದೆ. ಪಾರ್ಟ್ ಟೈಮ್ ಗಾಡಿಯಲ್ಲಿ ನಡುವೆ ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗುತ್ತವೆ ಅಲ್ವಾ? ಮಣ್ಣಿನಲ್ಲಾದರೆ ಟೈರು ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಆಗುವುದಿಲ್ಲ, ಆ ಬಿಗಿತ ಎಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ಆದ್ದರಿಂದ ಟಾರಿಗೆ ಬಂದ ಕೂಡಲೇ ಟು ವೀಲ್‌ಗೆ ಬದಲಿಸುವ ಅಭ್ಯಾಸ ಬೇಕು. ಫುಲ್ ಟೈಮ್‌ನಲ್ಲಿ ಈ ತಲೆನೋವಿಲ್ಲ, ಆದರೆ ನಡುವಿನ ಡಿಫರೆನ್ಷಿಯಲ್ಲಿಗೆ ಲಾಕ್ ಇರಲೇಬೇಕು, ಮತ್ತೆ ನಾಲ್ಕೂ ಟೈರು ಒಂದೇ ಅಳತೆಯವಾಗಿರಬೇಕು. ನನಗೆ ಪಾರ್ಟ್ ಟೈಮ್ ಇಷ್ಟ, ಬಿಡಿಭಾಗ ಕಡಿಮೆ ಅಂತ.

ಹೆಸರಿನ ಬಗ್ಗೆ ಎರಡೇ ಮಾತು. ಲ್ಯಾಂಡ್ ಕ್ರೂಸರ್ 80 ಸೀರೀಸ್, ನಿಸ್ಸಾನ್ ಪಟ್ರೋಲ್‌ನ ವೈ 60, ವೈ 61 ಗಾಡಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಒಂದೇ ತೊಲೆ. ಕಲ್ಲಿನ ದಾರಿಗೆ ಹೇಳಿ ಮಾಡಿಸಿದ್ದು, ಕೂತವರ ಬೆನ್ನಿಗೆ ಅಲ್ಲ. 1999ರಲ್ಲಿ ಬಂದ ಮೂರನೇ ಪೀಳಿಗೆಯ ಪಜೆರೋಗೆ ಬೇರೆ ಚಾಸಿಯೇ ಇಲ್ಲ, ಅದು ಬಾಡಿಯೊಳಗೇ ಸೇರಿಕೊಂಡಿದೆ, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್. ಆದರೂ ಗಟ್ಟಿ ಗಾಡಿಯೇ. ಪಜೆರೋ 12 ಸಲ ಡಕಾರ್ ರ‍್ಯಾಲಿ ಗೆದ್ದಿದೆ ಅಂತ ಮಾರುವವನು ಹೇಳಿದರೆ ನಕ್ಕು ಸುಮ್ಮನಿರು. ಗೆದ್ದ ಗಾಡಿಗೂ ಅವನ ಗಾಡಿಗೂ ನಂಟು ಕಡಿಮೆ.

ಇಂಜಿನ್ ವಿಷಯಕ್ಕೆ ಬರೋಣ. ಹಳೆಯ ಡೀಸೆಲ್‌ಗಳಲ್ಲಿ ಇಂಜೆಕ್ಷನ್ ಪಂಪು ಪೂರ್ತಿ ಮೆಕ್ಯಾನಿಕಲ್. ಟೊಯೋಟಾದ 1ಎಚ್‌ಝೆಡ್ ನೋಡು: 4.2 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲ, 2200 ಆರ್‌ಪಿಎಮ್‌ನಲ್ಲಿ 285 ನ್ಯೂಟನ್ ಮೀಟರ್ ಟಾರ್ಕ್. ಈಗಿನ ಲೆಕ್ಕದಲ್ಲಿ ಏನೇನೂ ಅಲ್ಲ. ಓವರ್‌ಟೇಕ್ ಮಾಡಲು ಹೊರಟರೆ ಯೋಚನೆಗೆ ಬೇಕಾದಷ್ಟು ಸಮಯ ಸಿಗುತ್ತದೆ. ಆದರೆ ಒರಟು ದಾರಿ ಕೇಳುವುದು ವೇಗ ಅಲ್ಲ, ಕಡಿಮೆ ಆರ್‌ಪಿಎಮ್‌ನಲ್ಲಿ ನಿಧಾನ ಎಳೆಯುವ ಗುಣ. ಇದು ಅದನ್ನು ಕೊಡುತ್ತದೆ, ಸಾಮಾನ್ಯ ಮೆಕ್ಯಾನಿಕ್ ಕೈಯಲ್ಲೇ ರಿಪೇರಿಯೂ ಆಗುತ್ತದೆ.

ಕಂಪ್ಯೂಟರ್ ನಿಯಂತ್ರಣದ ಕಾಮನ್ ರೈಲ್ ಡೀಸೆಲ್‌ನಲ್ಲಿ ಪಿಕಪ್ ಚೆನ್ನ, ಹೊಗೆ ಕಡಿಮೆ, ಮೈಲೇಜೂ ಜಾಸ್ತಿ. ಆದರೆ ಅಲ್ಲಿ ಡೀಸೆಲ್ 1500, 2000 ಬಾರ್ ಒತ್ತಡದಲ್ಲಿ ಹೋಗುತ್ತದೆ. ಆ ಒತ್ತಡಕ್ಕೆ ತಕ್ಕ, ಡೀಸೆಲ್ ಚಿಮ್ಮಿಸುವ ಸೂಕ್ಷ್ಮ ಇಂಜೆಕ್ಟರ್‌ಗಳಿಗೆ ಚೂರು ನೀರು, ಚೂರು ಧೂಳು ಸಾಕು ಹಾಳಾಗಲು. ಪೂರ್ತಿ ಸೆಟ್ ಬದಲಿಸಬೇಕಾಗಿ ಬಂದರೆ ನಿನ್ನ ಲೆಕ್ಕಾಚಾರವೆಲ್ಲ ತಲೆಕೆಳಗು. ಇದನ್ನು ಕೊಳ್ಳುವುದಾದರೆ ಇಂಜೆಕ್ಟರ್‌ಗಳ ಲೀಕ್ ಆಫ್ ಟೆಸ್ಟ್ ಮಾಡಿಸು. ಯಾವ ಇಂಜೆಕ್ಟರ್ ಜಾಸ್ತಿ ಡೀಸೆಲ್ ವಾಪಸ್ ಬಿಡುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ಹೊಸ ಗಾಡಿಗಳಲ್ಲಿ ಡಿಪಿಎಫ್ ಅಂತ ಇನ್ನೊಂದು ಇದೆ, ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಕಟ್ಟಿಕೊಂಡ ಮಸಿಯನ್ನು ಅದು ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಖಾಲಿ ಮಾಡಿಕೊಳ್ಳಬೇಕು, ಅದಕ್ಕೆ ಒಂದಷ್ಟು ಹೊತ್ತು ಬಿಡದೆ ಓಡಬೇಕು. ದಿನಾ ಕಲ್ಲಿನ ದಾರಿಯಲ್ಲಿ ತೆವಳುವ ಗಾಡಿಗೆ ಆ ಭಾಗ್ಯ ಇಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಂತರೆ ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಆ ಗಾಡಿಯನ್ನು ಬಿಟ್ಟುಬಿಡು. ನಿನ್ನ ಪಟ್ಟಿಯ ಎರಡನೆಯದಕ್ಕೆ ಡಿಪಿಎಫ್ ಇದೆ, ಅದಕ್ಕೇ ಅದು ನನ್ನ ಮನಸ್ಸಿಗೆ ಬರಲಿಲ್ಲ.

ಪ್ರತಿ ಇಂಜಿನ್ನಿಗೂ ಅದರದೇ ಕಾಯಿಲೆ ಇರುತ್ತದೆ. ಟೊಯೋಟಾ 1ಎಚ್‌ಡಿ-ಟಿ ಇಂಜಿನ್ನಿಗೆ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಶಾಫ್ಟಿಗೆ ಸೇರುವಲ್ಲಿನ ಬೇರಿಂಗ್) ಸವೆತ, 1ಕೆಝೆಡ್-ಟಿಇಗೆ ಬಿಸಿಯಾದರೆ ಸಿಲಿಂಡರ್ ಹೆಡ್ ಬಿರುಕು. ಪ್ರಾಡೊ, ಹೈಲಕ್ಸ್‌ಗಳ 1ಕೆಡಿಯಲ್ಲಿ ಇಂಜೆಕ್ಟರಿನ ತಾಮ್ರದ ವಾಷರ್ ಸೋರಿ, ಮಸಿ ಆಯಿಲ್‌ಗೆ ಇಳಿದು ಆಯಿಲ್ ಎಳೆದುಕೊಳ್ಳುವ ಕೆಳಗಿನ ಜಾಲರಿ ಕಟ್ಟಿಕೊಳ್ಳುತ್ತದೆ. ನಿಸ್ಸಾನ್ ಝೆಡ್‌ಡಿ30 ಮೊದಮೊದಲು ಪಿಸ್ಟನ್ ಕರಗಿಸಿಕೊಂಡು ಹೆಸರು ಕೆಡಿಸಿಕೊಂಡಿತು. ಕಾಯಿಲೆ ಇದೆ ಅಂತ ಗಾಡಿ ಬೇಡ ಅನ್ನಬೇಕಿಲ್ಲ. ಅದಕ್ಕೆ ಔಷಧ ಆಗಿದೆಯಾ, ಬಿಲ್ ಇದೆಯಾ ಅಂತ ಕೇಳು. ಹಾಗೆಯೇ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಅದನ್ನು ಕೊನೆಗೆ ಬದಲಿಸಿದ್ದು ಯಾವಾಗ ಅಂತ ಕೇಳು. ಬೆಲ್ಟ್ ಓಡುತ್ತಿರುವಾಗ ಹರಿದರೆ ಪಿಸ್ಟನ್ನೂ ವಾಲ್ವೂ ಗುದ್ದಾಡಿಕೊಳ್ಳುತ್ತವೆ.

ನೋಡಲು ಹೋಗುವ ಮುಂಚೆ, ಇಂಜಿನ್ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮಾರುವವನಿಗೆ ಹೇಳಿಡು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡು. ಬಿಸಿ ಇದ್ದರೆ ಅವನು ಏನನ್ನೋ ಮುಚ್ಚಿಡುತ್ತಿರಬಹುದು. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡು, ಎಣ್ಣೆಯ ಪೊರೆ ಇರಬಾರದು. ಸ್ಟಾರ್ಟ್ ಆದಾಗ ಒಂದು ಕ್ಷಣ ಬಿಳಿ ಹೊಗೆ ಬಂದು ಹೋದರೆ ಪರವಾಗಿಲ್ಲ. ಇಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಕೂಲೆಂಟ್ ಒಳಗೆ ಹೋಗುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಗೆ ಕಾರಣ ಬರೀ ಏರ್ ಫಿಲ್ಟರ್ ಇರಬಹುದು, ಟರ್ಬೊ ಕೂಡ ಇರಬಹುದು. ಆಮೇಲೆ ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಅದೇ ಬಾಯಿ ಮೇಲೆ ಸುಮ್ನೆ ಇಡು. ಮುಚ್ಚಳ ಕುಣಿದು ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ಆಯಿಲ್ ಕಪ್ಪಗಿದೆ ಅಂತ ಗಾಬರಿ ಬೇಡ, ಡೀಸೆಲ್‌ನಲ್ಲಿ ಅದು ಸಹಜ.

ರೇಡಿಯೇಟರಿನ ಸಂದುಗಳಲ್ಲಿ ಕೆಸರು ಒಣಗಿ ಕೂತಿದೆಯಾ ಅಂತ ಬಗ್ಗಿ ನೋಡು. ಈ ಗಾಡಿಗಳು ಹಾಳಾಗುವುದೇ ಅಲ್ಲಿಂದ. ಏರಿನಲ್ಲಿ ಇಂಜಿನ್ನಿಗೆ ಕೆಲಸ ಜಾಸ್ತಿ, ವೇಗ ಇಲ್ಲದ್ದರಿಂದ ಗಾಳಿ ಕಡಿಮೆ, ತಂಪು ಮಾಡುವ ಹೊಣೆ ಪೂರ್ತಿ ಫ್ಯಾನಿನದು.

ಈಗ ಗಾಡಿಯ ಕೆಳಗೆ ಮಲಗುವ ಕೆಲಸ. ಹಳೆ ಬಟ್ಟೆ ಹಾಕಿಕೊಂಡು, ಟಾರ್ಚು, ಸಣ್ಣ ಸುತ್ತಿಗೆ ಹಿಡಿದುಕೊಂಡು ಹೋಗು. ನಾನು ಮುಕ್ಕಾಲು ಪಾಲು ಸಮಯ ಇಲ್ಲೇ ಕಳೆಯುತ್ತೇನೆ. ಚಾಸಿಯನ್ನು ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗೆ ತುಕ್ಕು ತಿಂದಿದ್ದರೆ ಸದ್ದು ಮಂಕಾಗುತ್ತದೆ. ಚಾಸಿಯ ಟೊಳ್ಳಿನೊಳಗೆ ಕೆಸರು ಸೇರಿ, ಒದ್ದೆ ಹಿಡಿದು, ಒಳಗಿನಿಂದ ತಿನ್ನುವುದು ಜಾಸ್ತಿ. ಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ಹಳೆ ಗಾಡಿಯ ಹೊಟ್ಟೆಗೆ ಹೊಚ್ಚ ಹೊಸದಾಗಿ ಕಪ್ಪು ಬಳಿದಿದ್ದರೆ ನಾನು ಹಿಂದೆ ಸರಿಯುತ್ತೇನೆ. ಸ್ಪ್ರಿಂಗ್ ಕೂರುವ ಜಾಗ, ಶಾಕ್ ಅಬ್ಸಾರ್ಬರ್ ಹಿಡಿದಿರುವ ಬ್ರಾಕೆಟ್, ಸ್ಟೇರಿಂಗ್ ಬಾಕ್ಸ್ ಸುತ್ತ ಬಿರುಕು ಅಥವಾ ವೆಲ್ಡಿಂಗ್ ಗುರುತು ಇದೆಯಾ ನೋಡು. ಅಲೆ ಅಲೆಯಾದ ಮಣ್ಣು ರಸ್ತೆಯಲ್ಲಿ ವರ್ಷಗಟ್ಟಲೆ ಅದುರಿದರೆ ಮೊದಲು ಬಿಟ್ಟುಕೊಡುವುದು ಈ ಜಾಗಗಳೇ.

ಡಿಫರೆನ್ಷಿಯಲ್ ಆಯಿಲ್ ತುಂಬುವ ಬೋಲ್ಟ್ ತೆಗೆಯಲು ಮಾರುವವನ ಒಪ್ಪಿಗೆ ಕೇಳಿ, ಬೆರಳು ಅದ್ದಿ ನೋಡು. ಆಯಿಲ್ ಹಾಲು ಬೆರೆತ ಹಾಗೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇರುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೆ ಅದು ಸೀಲಿನ ಸಂದಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಬೆರಳಿಗೆ ಅಂಟಿದ ಆ ಬಿಳಿ ಆಯಿಲ್ ಮಾರುವವನಿಗಿಂತ ಜಾಸ್ತಿ ಸತ್ಯ ಹೇಳುತ್ತದೆ.

ನೀರಲ್ಲಿ ಮುಳುಗಿದ ಗಾಡಿಯನ್ನು ಒಳಗಿನಿಂದಲೂ ಹಿಡಿಯಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ, ತುದಿಯಲ್ಲಿ ಕೆಸರಿನ ಗೆರೆ ಸಿಗಬಹುದು. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು, ಏರ್ ಫಿಲ್ಟರ್ ಡಬ್ಬದೊಳಗೆ ಮಣ್ಣಿನ ಗುರುತು ನೋಡು. ಇಂಜಿನ್ ನೀರು ಕುಡಿದಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲವಲ್ಲ.

ಓಡಿಸಿ ನೋಡುವುದನ್ನು ಟಾರಿನಲ್ಲೇ ಮುಗಿಸಬೇಡ. ಮಣ್ಣಿಗೆ ಇಳಿಸು. ಫೋರ್ ಹೈ (ನಾಲ್ಕೂ ಚಕ್ರ, ಮಾಮೂಲಿ ವೇಗ), ಫೋರ್ ಲೋ (ನಾಲ್ಕೂ ಚಕ್ರ, ಲೋ ರೇಂಜ್) ಎರಡೂ ಹಾಕು. ವರ್ಷಗಟ್ಟಲೆ ಮುಟ್ಟದ ಲಿವರ್ ಬಿಗಿಯಾಗಿಯೇ ಇರುತ್ತದೆ, ಅದು ದೊಡ್ಡ ವಿಷಯವಲ್ಲ. ಮುಂದಿನ ಫಲಕದಲ್ಲಿ ಫೋರ್ ವೀಲ್ ದೀಪ ಹತ್ತಿತು ಅಂದ ಮಾತ್ರಕ್ಕೆ ಮುಂದಿನ ಚಕ್ರಕ್ಕೆ ಬಲ ಹೋಗುತ್ತಿದೆ ಅಂತಲ್ಲ, ಸಡಿಲ ಮಣ್ಣಿನ ಏರಿನಲ್ಲಿ ಯಾರಾದರೂ ಪಕ್ಕಕ್ಕೆ ನಿಂತು ನೋಡಲಿ. ಇಳಿಜಾರಿನಲ್ಲಿ ಲೋ ರೇಂಜ್ ಒಂದನೇ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟಾಗ ಲಿವರ್ ತಾನಾಗಿ ಹೊರಗೆ ಹಾರಿದರೆ ಒಳಗೆ ಸವೆದಿದೆ, ಬೇಡ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋಗುವಾಗ ಮುಂದಿನಿಂದ ಟಕ್ ಟಕ್ ಬಂದರೆ ಮುಂದಿನ ಚಕ್ರಕ್ಕೆ ಬಲ ಮುಟ್ಟಿಸುವ ಸಿವಿ ಜಾಯಿಂಟ್ ಸವೆದಿದೆ, ಅದನ್ನು ಬೆಲೆಯಲ್ಲಿ ಕಳೆದುಕೋ. ಟೈರಿನ ಪಕ್ಕದ ನಾಲ್ಕಂಕಿಯನ್ನೂ ಓದು. 2319 ಅಂತಿದ್ದರೆ ಅದು 2019ರ 23ನೇ ವಾರದ್ದು. ಸ್ಟೆಪ್ನಿಯದನ್ನೂ ಮರೆಯದೆ ನೋಡು.

ದುಡ್ಡಿನ ಬಗ್ಗೆ: ನಿನ್ನ ಹತ್ತಿರ ಇರುವುದೆಲ್ಲವನ್ನೂ ಗಾಡಿಗೇ ಸುರಿಯಬೇಡ. ಐದರಲ್ಲಿ ಒಂದು ಪಾಲು ಪಕ್ಕಕ್ಕಿಡು. ಗಾಡಿ ಮನೆಗೆ ಬಂದ ಮೊದಲ ವಾರವೇ ಇಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಆಯಿಲ್ ಬದಲಿಸು. ಕೂಲೆಂಟ್, ರಬ್ಬರ್ ಪೈಪು, ಬೆಲ್ಟು, ಡೀಸೆಲ್ ಫಿಲ್ಟರ್ ಕೂಡ. ಈಗಷ್ಟೇ ಹಾಕಿಸಿದ್ದೀನಿ ಅಂತ ಆತ ಹೇಳಿದರೂ ಬದಲಿಸು. ಫಿಲ್ಟರಿನ ತಳದಲ್ಲಿ ನೀರು ಇಳಿಸುವ ಸಣ್ಣ ತಿರುಪು ಇರುತ್ತದೆ, ಅದು ಎಲ್ಲಿದೆ ಅಂತ ಮೆಕ್ಯಾನಿಕ್ ಹತ್ತಿರ ಅವತ್ತೇ ತೋರಿಸಿಕೊಂಡುಬಿಡು.

ಮೂರನೆಯ ಗಾಡಿ ನೋಡಲು ಯಾವತ್ತು ಹೋಗುತ್ತೀಯ ಹೇಳು. ರಜೆ ದಿನ ಆದರೆ ನಾನೂ ಬರುತ್ತೇನೆ. ಕೆಳಗೆ ಮಲಗುವುದು ನಾನು, ಚೌಕಾಸಿ ಮಾಡುವುದು ನೀನು.

ಇಂತಿ,
ನಿನ್ನ ಗೆಳೆಯ