ಮನೆಗೆ ಬೀಗ ಇತ್ತು ಅಂತ ಹೆಸರು ತೆಗೆಯಬೇಡಿ

ಕೊಪ್ಪಳ ಲೋಕಸಭಾ ಕ್ಷೇತ್ರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಮಸ್ಕಿ ತಾಲ್ಲೂಕಿನವನು. ಜಿಲ್ಲೆ ರಾಯಚೂರು, ಆದರೆ ಲೋಕಸಭೆಗೆ ನಾವು ಓಟು ಹಾಕುವುದು ಕೊಪ್ಪಳಕ್ಕೆ. ಹಾಗಾಗಿ ನಮ್ಮ ಅವ್ವನ ವಿಷಯ ನಿಮಗೇ ಹೇಳಬೇಕು.

2024ರ ಮೇ 7ರಂದು ನಮ್ಮ ಕಡೆ ಮತದಾನ. ಅಪ್ಪ, ಅವ್ವ ಆಗ ಬೆಂಗಳೂರಿಗೆ ಗುಳೆ ಹೋಗಿದ್ದರು. ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ಬೆಂಗಳೂರಿನ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಅಲ್ಲಿ ರಜೆ ಕೊಟ್ಟಿದ್ದೂ ಅವತ್ತೇ. ನಮ್ಮವರಿಗೆ ಓಟು ಇರುವ ದಿನ ಮಾತ್ರ ಕೆಲಸ ಇತ್ತು. ಅವ್ವ ಮೇಸ್ತ್ರಿಯನ್ನು ಕೇಳಿಕೊಂಡು, ಎರಡು ದಿನದ ಕೂಲಿ ಬಿಟ್ಟು, ನಮ್ಮೂರಿನ ಇನ್ನಷ್ಟು ಜನರ ಜೊತೆ ಕ್ರೂಸರ್ ಗಾಡಿಯಲ್ಲಿ ಒತ್ತಿಕೊಂಡು ಕುಳಿತು ರಾತ್ರಿಯಿಡೀ ಬಂದಳು. ಓಟರ್ ಕಾರ್ಡು, ರೇಷನ್ ಕಾರ್ಡು, ಆಧಾರ್ ಮೂರನ್ನೂ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಬಿಸಿಲಲ್ಲಿ ಪಾಳಿ ಹಚ್ಚಿದಳು. ಒಳಗೆ ಹೋದರೆ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಅಪ್ಪನದೂ ಇಲ್ಲ. ವಿಚಾರಿಸಿದಾಗ ಒಬ್ಬರು, "ಪಟ್ಟಿ ನೋಡಾಕ ಬಂದಾಗ ಮನಿಗೆ ಬೀಗ ಇತ್ತಂತವ್ವಾ, ಊರ ಬಿಟ್ಟಾರ ಅಂತ ತೆಗೆದಾರ" ಅಂದರು. ಅವ್ವ ಜಗಳ ಮಾಡಲಿಲ್ಲ. "ಈ ಊರಿಗೆ ಸೊಸಿಯಾಗಿ ಬಂದು ಮೂವತ್ತ ವರ್ಷ ಆತು. ದುಡಿಯಾಕ ಹೋಗೀನಿ, ಊರ ಬಿಟ್ಟಿಲ್ಲ" ಅಂದಳು, ಅಷ್ಟೇ. ಸಂಜೆ ವಾಪಸ್ ಹೊರಟಾಗ ಗಾಡಿಯಲ್ಲಿದ್ದ ಉಳಿದವರ ಬೆರಳಲ್ಲಿ ಶಾಯಿ ಇತ್ತು. ಅವ್ವ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದಳು. ಅದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಯಾರ ಮೇಲೋ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಕಾನೂನು ಅವ್ವನ ಕಡೆಗೇ ಇದೆ, ಅದನ್ನು ಹೇಳಲು ಬರೆಯುತ್ತಿದ್ದೇನೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಂ ಓದಿ ನೋಡಿ. ತಾತ್ಕಾಲಿಕವಾಗಿ ಊರಲ್ಲಿ ಇಲ್ಲ ಅಂದ ಮಾತ್ರಕ್ಕೆ ಒಬ್ಬರು ಆ ಊರಿನ ಸಾಮಾನ್ಯ ನಿವಾಸಿ ಅಲ್ಲ ಅಂತ ಆಗುವುದಿಲ್ಲ ಎಂದು ಅದರಲ್ಲೇ ಇದೆ. ಊರು ಬಿಟ್ಟಿದ್ದಾರೆ ಅಂತ ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಬೇಕು ಅಂತ 22ನೇ ಕಲಂ ಹೇಳುತ್ತದೆ. ಅದೇ ಕಾಯ್ದೆಗೆ 2010ರಲ್ಲಿ 20ಎ ಕಲಂ ಸೇರಿತು. ದುಬೈಗೋ ಅಮೆರಿಕಕ್ಕೋ ಕೆಲಸಕ್ಕೆ ಹೋದವರು ಅಲ್ಲಿನ ಪೌರತ್ವ ತಗೊಳ್ಳದಿದ್ದರೆ, ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಮೇಲೆ ತಮ್ಮ ಊರಿನಲ್ಲೇ ಮತದಾರರಾಗಬಹುದು. ಒಳ್ಳೆಯದು, ಅವರಿಗೆ ಆ ಹಕ್ಕು ಇರಲಿ. ಆದರೆ ಸಮುದ್ರ ದಾಟಿದವರಿಗೆ ಊರು ಉಳಿಯುತ್ತದೆ, ಬೆಂಗಳೂರಿಗೆ ಇಟ್ಟಿಗೆ ಹೊರಲು ಹೋದವಳಿಗೆ ಉಳಿಯುವುದಿಲ್ಲ ಅಂದರೆ ಹೇಗೆ?

ಅಲ್ಲೇ ಹೆಸರು ಸೇರಿಸಿಕೊಳ್ಳಲಿ ಅನ್ನುವವರಿದ್ದಾರೆ. ಎಲ್ಲಿ ಅಂತ ಸೇರಿಸುವುದು? ಕಟ್ಟಡ ಮುಗಿದರೆ ಶೆಡ್ಡೂ ಕೀಳುತ್ತಾರೆ. ಮುಂಗಾರು ಬಿದ್ದರೆ ಇವರು ವಾಪಸ್ ಊರಿಗೇ ಬರುತ್ತಾರೆ. ಇನ್ನು ಅಲ್ಲಿ ನಮ್ಮ ಮಾತು ಕೇಳಿ "ಆಂಧ್ರದವರಾ?" ಅನ್ನುತ್ತಾರೆ. ಕನ್ನಡ ಮಾತಾಡಿಯೇ ಹೊರಗಿನವರಾಗುವುದು ಎಷ್ಟು ನೋಯುತ್ತದೆ ಅಂತ ನಮ್ಮ ಕಡೆಯವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಭಾಗ ಹೊರಗಿನಿಂದ ಬಂದವರಿಗೆ ಜಾಗ ಕೊಟ್ಟ ಭಾಗ. ತುಂಗಭದ್ರೆ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಭತ್ತ ಬೆಳೆದರು. ಸಿಂಧನೂರಿನ ಸುತ್ತ ಅವರ ಕ್ಯಾಂಪುಗಳು ಈಗ ನಮ್ಮೂರುಗಳೇ. 1971ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿವೆ. ಅಲ್ಲಿ ಕೆಲವರ ಕೈಗೆ ಪೌರತ್ವದ ಪತ್ರ ಬಂದಿದ್ದು 2024ರಲ್ಲಿ. ಒಂದು ಕಾಗದಕ್ಕಾಗಿ ಜೀವಮಾನ ಕಾಯುವುದು ಏನು ಅಂತ ಅವರನ್ನು ಕೇಳಬೇಕು. ಈಗ ನಮ್ಮ ಅಕ್ಕಿ ಗಿರಣಿಗಳಲ್ಲಿ ಬಿಹಾರದ ಹುಡುಗರು ಮೂಟೆ ಹೊರುತ್ತಾರೆ. ಅವರ ಮನೆಗೂ ಈಗ ಬೀಗ ಇರಬಹುದು, ಅಲ್ವಾ? ನಾನು ಅವ್ವನಿಗಾಗಿ ಕೇಳುವುದನ್ನು ಅವರಿಗಾಗಿಯೂ ಕೇಳುತ್ತಿದ್ದೇನೆ.

ಬೀಗ ನೋಡಿ ಯಾರ ಹೆಸರನ್ನೂ ತೆಗೆಯಬಾರದು. ತೆಗೆಯಬೇಕೆಂದಿರುವ ಹೆಸರುಗಳನ್ನು ಮೊದಲು ಗ್ರಾಮಸಭೆಯಲ್ಲಿ ಓದಲಿ. ಯಾರು ಸತ್ತಿದ್ದಾರೆ, ಯಾರು ಗುಳೆ ಹೋಗಿದ್ದಾರೆ ಅಂತ ಊರಿಗೆ ಗೊತ್ತಿರುತ್ತದೆ. ಗುಳೆ ಹೋದವರಿಗೆ ಫೋನ್ ಮಾಡಿ ಕೇಳಿದರೂ ಸಾಕು, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಇದನ್ನು ನೀವು ಅಧಿಕಾರಿಗಳ ಸಭೆಯಲ್ಲಿ ಗಟ್ಟಿಯಾಗಿ ಕೇಳಬೇಕು. ಇನ್ನೊಂದು ದೆಹಲಿಯ ಕೆಲಸ. ವಲಸೆ ಹೋದವರು ಇದ್ದಲ್ಲಿಂದಲೇ ತಮ್ಮ ಕ್ಷೇತ್ರಕ್ಕೆ ಓಟು ಹಾಕಲು, 72 ಕ್ಷೇತ್ರಗಳ ಮತದಾನವನ್ನು ಒಂದೇ ಯಂತ್ರದಲ್ಲಿ ನಡೆಸುವ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಪಕ್ಷಗಳು ಅನುಮಾನ ಎತ್ತಿದವು. ಅನುಮಾನ ತಪ್ಪಲ್ಲ. ಆದರೆ ಯಂತ್ರ ಬೇಡವಾದರೆ ಬೇರೆ ಏನು ದಾರಿ ಅಂತ ಯಾರಾದರೂ ಹೇಳಬೇಕಲ್ಲ. ಲೋಕಸಭೆಯಲ್ಲಿ ಆ ಪ್ರಶ್ನೆ ನೀವು ಕೇಳಿ. ಏಪ್ರಿಲ್, ಮೇ ತಿಂಗಳಲ್ಲೇ ಚುನಾವಣೆ ಬರುತ್ತದೆ, ನಮ್ಮ ಊರುಗಳು ಖಾಲಿ ಇರುವುದೂ ಆಗಲೇ.

ಪಟ್ಟಿಗೆ ಹೆಸರು ಸೇರಿಸಲು ಅವ್ವ ಹೊಸದಾಗಿ ಫಾರಂ 6 ತುಂಬಿದ್ದಾಳೆ. ಹೆಬ್ಬೆಟ್ಟು ಒತ್ತಲಿಲ್ಲ, ನನ್ನಿಂದ ಕಲಿತು ಹೆಸರು ಬರೆದಳು. ಮಳೆ ಬಿದ್ದ ಕೂಡಲೇ ಬಿತ್ತಲು ಊರಿಗೆ ಬರುತ್ತಾಳೆ. ನೀವು ಆಗ ಒಮ್ಮೆ ಬನ್ನಿ. ಮನೆ ಬಾಗಿಲು ತೆಗೆದಿರುತ್ತದೆ.

ಇಂತಿ,
ಮಸ್ಕಿ ತಾಲ್ಲೂಕಿನ ನಿಮ್ಮ ಒಬ್ಬ ಮತದಾರ