ಕುತ್ತಿಗೆ ನೋವು: ಮಾಲೀಶು ಇರಲಿ, ನೆಟಿಕೆ ಬೇಡ

ಮಾನ್ಯರೇ,

ಮೊಬೈಲ್ ನೋಡುತ್ತ ತಲೆ ಬಗ್ಗಿಸಿ ನಿಂತ ಮನುಷ್ಯ, ಅವನ ಕುತ್ತಿಗೆಗೆ ಒಂದು ಬಾಣ, ಬಾಣದ ಪಕ್ಕ ‘27 ಕೆ.ಜಿ.’ ಎಂಬ ಅಂಕಿ. ಈ ಚಿತ್ರ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ. 2014ರಲ್ಲಿ ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹಂಸರಾಜ್ ಅವರು ಕಂಪ್ಯೂಟರಿನಲ್ಲಿ ಕುತ್ತಿಗೆಯ ಮಾದರಿ ಕಟ್ಟಿ ಹಾಕಿದ ಲೆಕ್ಕ ಅದು. ಯಾರದೋ ಕುತ್ತಿಗೆಗೆ ತಕ್ಕಡಿ ಹಚ್ಚಿ ಅಳೆದದ್ದಲ್ಲ. ತಲೆಯ ತೂಕ ನಾಲ್ಕೂವರೆಯಿಂದ ಐದು ಕೆ.ಜಿ., ಅದು ಮುಂದೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಹೆಚ್ಚು ಜಗ್ಗಬೇಕು ಎಂಬುದು ಸರಿ. ಆದರೆ ಆ ಚಿತ್ರ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಬೇರೆಯೇ: ಕುತ್ತಿಗೆ ಗಾಜಿನ ಸಾಮಾನು, ಬಗ್ಗಿಸಿದರೆ ಒಡೆಯುತ್ತದೆ. ಹೀಗೆ ಹೆದರಿದವರು ಮೂರು ಕೆಲಸ ಮಾಡುತ್ತಾರೆ. ಮೆಡಿಕಲ್ ಅಂಗಡಿಯಿಂದ ಕಾಲರ್ ಬೆಲ್ಟ್ ತರುತ್ತಾರೆ, ಕತ್ತು ತಿರುಗಿಸುವುದನ್ನೇ ಬಿಡುತ್ತಾರೆ, ವಾರಕ್ಕೊಮ್ಮೆ ಯಾರಿಂದಲೋ ಮಾಲೀಶು ಮಾಡಿಸಿಕೊಳ್ಳುತ್ತಾರೆ. ಮೊದಲಿನ ಎರಡು ನೋವನ್ನು ಬೆಳೆಸುತ್ತವೆ. ಮೂರನೆಯದು ಅರ್ಧ ಕೆಲಸ. ಇನ್ನರ್ಧ ವ್ಯಾಯಾಮ, ಅದರ ಬಗ್ಗೆಯೇ ಈ ಪತ್ರ.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ್ದು ಎನ್ನುತ್ತೇವೆ. ಕಂಪ್ಯೂಟರ್ ಮುಂದೆ ಕೂರುವವರಿಗಷ್ಟೇ ಇದು ಬರುವುದೆಂದು ತಿಳಿದವರು ಸುಗ್ಗಿಯಲ್ಲಿ ಮಲೆನಾಡಿನ ಕಡೆ ಬಂದು ನೋಡಬೇಕು. ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಹಸಿ ಅಡಿಕೆ ಸುಲಿಯುವ ಹೆಂಗಸರ ತಲೆ ಗಂಟೆಗಟ್ಟಲೆ ಮೇಲೇಳುವುದೇ ಇಲ್ಲ. ಕರಾವಳಿಯಲ್ಲಿ ಬೀಡಿ ಕಟ್ಟುವವರು, ಬೆಂಗಳೂರಿನ ಗಾರ್ಮೆಂಟ್ ಹೊಲಿಗೆಯವರು, ಹೆಲ್ಮೆಟ್ಟಿನ ಸಂದಿಗೆ ಫೋನ್ ತುರುಕಿ ಕತ್ತು ವಾಲಿಸಿಕೊಂಡೇ ಬೈಕ್ ಓಡಿಸುವವರು, ಎಲ್ಲರದೂ ಅದೇ ಕಥೆ. ತೊಂದರೆ ಬಗ್ಗುವುದರಲ್ಲಿಲ್ಲ, ಬಗ್ಗಿದಲ್ಲೇ ಇರುವುದರಲ್ಲಿದೆ. ಒಂದೇ ಭಂಗಿಯಲ್ಲಿ ಬಿಗಿ ಹಿಡಿದ ಸ್ನಾಯುವಿಗೆ ರಕ್ತದ ಓಡಾಟ ತಗ್ಗುತ್ತದೆ, ದಣಿಯುತ್ತದೆ, ಉರಿಯುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಒಂದು ನಿಮಿಷ ಎದ್ದು ತೋಳು ಆಡಿಸಿದರೆ ದುಬಾರಿ ಕುರ್ಚಿಗಿಂತ ಹೆಚ್ಚು ಪ್ರಯೋಜನ.

ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಬಲ್ಜ್’ (ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಓದಿ ಎದೆಗುಂದುವವರಿಗೆ ಒಂದು ಮಾತು. ಜಪಾನಿನಲ್ಲಿ ಕುತ್ತಿಗೆ ನೋವೇ ಇಲ್ಲದ 1,211 ಮಂದಿಯನ್ನು ಸ್ಕ್ಯಾನ್ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 87.6ರಷ್ಟು ಜನರಲ್ಲಿ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗಿತ್ತು. ತಲೆ ನರೆತ ಹಾಗೆ ಅದು. ವರದಿಯಲ್ಲಿರುವ ‘ಸ್ಪಾಂಡಿಲೋಸಿಸ್’ (ಮೂಳೆ ಸವೆತ) ಎಂಬ ಪದಕ್ಕೂ ರೋಗಿಯ ನೋವಿಗೂ ಸಂಬಂಧವಿದೆಯೇ ಎಂಬುದು ಕೈಯಿಂದ ಪರೀಕ್ಷಿಸಿದ ಮೇಲೆ ಗೊತ್ತಾಗುತ್ತದೆಯೇ ಹೊರತು ಫಿಲ್ಮ್ ನೋಡಿ ಅಲ್ಲ.

ಇನ್ನು ಮಾಲೀಶು. ಅದರಿಂದ ಗಂಟು ಕರಗುತ್ತದೆ, ವಿಷ ಹೊರಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆಗುವುದು ಇಷ್ಟು: ಒತ್ತಡದ ಸ್ಪರ್ಶಕ್ಕೆ ನರಮಂಡಲ ನೋವಿನ ಸದ್ದನ್ನು ತಗ್ಗಿಸುತ್ತದೆ, ಸ್ನಾಯು ಸಡಿಲಗೊಳ್ಳುತ್ತದೆ, ಕತ್ತು ಸ್ವಲ್ಪ ಹೆಚ್ಚು ತಿರುಗುತ್ತದೆ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಪ್ರಮಾಣವೂ ಮುಖ್ಯ. ಅಮೆರಿಕದ ಸಿಯಾಟಲ್‌ನಲ್ಲಿ ದೀರ್ಘಕಾಲದ ಕುತ್ತಿಗೆ ನೋವಿನ 228 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ವಾರ ಕಾಲ ವಾರಕ್ಕೆ ಎರಡು ಮೂರು ಸಲ ಒಂದೊಂದು ಗಂಟೆ ಮಾಲೀಶು ಪಡೆದವರಿಗೆ ಸ್ಪಷ್ಟ ಲಾಭವಾಯಿತು. ಅರ್ಧರ್ಧ ಗಂಟೆಯ ಮಾಲೀಶು ಪಡೆದವರಿಗೂ ಏನೂ ಮಾಡಿಸಿಕೊಳ್ಳದೆ ಕಾದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಾರಕ್ಕೆ ಮೂರು ಗಂಟೆ ದುಡ್ಡು ಕೊಟ್ಟು ಮಾಲೀಶು ಮಾಡಿಸಿಕೊಳ್ಳುವ ಅನುಕೂಲ ಎಷ್ಟು ಜನಕ್ಕಿದೆ? ಹಾಗಾಗಿ ಮನೆಯಲ್ಲಿ ಸಿಗುವ ಹದಿನೈದು ನಿಮಿಷದ ಮಾಲೀಶನ್ನು ಚಿಕಿತ್ಸೆ ಎಂದುಕೊಳ್ಳದೆ, ವ್ಯಾಯಾಮಕ್ಕೆ ಕತ್ತನ್ನು ಸಜ್ಜು ಮಾಡುವ ಕೆಲಸ ಎಂದು ಬಳಸುವುದು ಜಾಣತನ.

ಮಾಡುವ ಬಗೆ ಸುಲಭ. ನೋವಿರುವವರು ಮೇಜಿನ ಮುಂದೆ ಕುಳಿತು ಮೇಜಿನ ಮೇಲೆ ಎರಡು ದಿಂಬಿಟ್ಟು ಹಣೆಯನ್ನು ಅದಕ್ಕೆ ಆನಿಸಲಿ. ತಲೆಯ ಭಾರ ದಿಂಬಿನ ಮೇಲೆ ಬೀಳದಿದ್ದರೆ ಸ್ನಾಯು ಸಡಿಲವಾಗುವುದೇ ಇಲ್ಲ. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾದವರಿಗೆ ಬಿಸಿ ಬೇಡ, ಸುಟ್ಟದ್ದೂ ತಿಳಿಯದು. ಎಣ್ಣೆ ಒಂದು ಟೀ ಚಮಚ ಸಾಕು. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಮಹಾನಾರಾಯಣ ತೈಲವೋ ಎಂಬ ಚರ್ಚೆ ಎಷ್ಟು ಬೇಕಾದರೂ ನಡೆಯಲಿ, ಎಣ್ಣೆಯ ಮುಖ್ಯ ಕೆಲಸ ಕೈ ಜಾರುವಂತೆ ಮಾಡುವುದು. ತುಂಬಾ ಹಾಕಿದರೆ ಹಿಡಿತ ಸಿಗದು. ಮೊದಲ ಮೂರು ನಿಮಿಷ ತಲೆಬುರುಡೆಯ ಬುಡದಿಂದ ಭುಜದ ತುದಿಯವರೆಗೆ ಅಂಗೈಯಿಂದ ನಿಧಾನ ಸವರಿ. ಆಮೇಲೆ ಕತ್ತು ಮತ್ತು ಭುಜದ ನಡುವಿನ ದಪ್ಪ ಸ್ನಾಯುವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಿಡಿದು, ಚಪಾತಿ ಹಿಟ್ಟು ನಾದುವಂತೆ ಐದು ನಿಮಿಷ ನಾದಿ. ಒತ್ತಿದರೆ ‘ಅಯ್ಯೋ ಅಲ್ಲೇ’ ಎನ್ನುವ ಜಾಗಗಳು ಸಾಮಾನ್ಯವಾಗಿ ಎರಡು: ರೆಕ್ಕೆಮೂಳೆಯ ಮೇಲಿನ ಒಳಮೂಲೆ, ಮತ್ತು ತಲೆಬುರುಡೆಯ ಕೆಳಗಿನ ಅಂಚು. ಅಲ್ಲಿ ಹೆಬ್ಬೆರಳನ್ನು ಅಲುಗಿಸದೆ ಮೂವತ್ತರಿಂದ ಅರವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ನೋವು ಹತ್ತರಲ್ಲಿ ಐದು ದಾಟಬಾರದು, ಉಸಿರು ಬಿಗಿ ಹಿಡಿಯುವಷ್ಟಾದರೆ ಒತ್ತಡ ಅತಿಯಾಯಿತು. ಮರುದಿನ ಸ್ವಲ್ಪ ನೋವಿದ್ದರೆ ಸಹಜ; ಎರಡು ದಿನ ಕಳೆದರೂ ಹೋಗದಿದ್ದರೆ ಅಥವಾ ಚರ್ಮ ನೀಲಿಗಟ್ಟಿದರೆ ಮುಂದಿನ ಸಲ ಅರ್ಧದಷ್ಟೇ ಬಲ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬರೀ ಸವರುವುದು ಸಾಕು.

ಕೈ ಹೋಗಬಾರದ ಜಾಗಗಳೂ ಇವೆ. ಕುತ್ತಿಗೆಯ ಮುಂಭಾಗ ಮತ್ತು ಗಂಟಲಿನ ಪಕ್ಕ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳವಿದೆ, ಅಲ್ಲೇ ರಕ್ತದೊತ್ತಡ ನಿಯಂತ್ರಿಸುವ ನರಗಳ ಗುಂಪೂ ಇದೆ. ಅಲ್ಲಿ ಗಟ್ಟಿಯಾಗಿ ಒತ್ತಿದರೆ ನಾಡಿ ನಿಧಾನವಾಗಿ ಕಣ್ಣು ಕತ್ತಲೆ ಬರಬಹುದು. ಹಿಂದೆ ನಡುವಿನ ಮೂಳೆಗಳ ಮೇಲೆ ಬೆರಳು ಊರುವುದರಿಂದ ಲಾಭವೇನೂ ಇಲ್ಲ.

ಮಾಲೀಶು ಮುಗಿದ ಕೂಡಲೇ ‘ಆಹಾ’ ಎಂದು ಹಾಸಿಗೆಗೆ ಹೋಗಿ ಮಲಗುತ್ತಾರಲ್ಲ, ಅಲ್ಲೇ ಎಡವಟ್ಟು. ನೋವು ತಗ್ಗಿ ಕತ್ತು ಸಡಿಲವಿರುವ ಆ ಸಮಯದಲ್ಲೇ ವ್ಯಾಯಾಮ ಶುರುವಾಗಬೇಕು.

ಮೊದಲನೆಯದು ‘ಹೂಂ’ ವ್ಯಾಯಾಮ. ಅಂಗಾತ ಮಲಗಿ ಮೊಣಕಾಲು ಮಡಚಿ, ಹಣೆ ಮತ್ತು ಗಲ್ಲ ಒಂದೇ ಮಟ್ಟಕ್ಕೆ ಬರುವಂತೆ ತಲೆಯಡಿ ಮಡಿಸಿದ ಟವೆಲ್ ಇಡಿ. ತಲೆ ಎತ್ತದೆ, ಬರೀ ‘ಹೂಂ’ ಎನ್ನುವಷ್ಟು ಗಲ್ಲವನ್ನು ಒಳಗೆ ಬಾಗಿಸಿ ಹತ್ತು ಸೆಕೆಂಡ್ ಹಿಡಿಯಿರಿ, ಹತ್ತು ಸಲ. ಬಹುತೇಕರು ತಪ್ಪುವುದು ಇಲ್ಲಿಯೇ. ಗಲ್ಲವನ್ನು ಬಲವಾಗಿ ಹಿಂದಕ್ಕೆ ತಳ್ಳುತ್ತಾರೆ, ಹಲ್ಲು ಕಚ್ಚುತ್ತಾರೆ. ಎರಡು ಬೆರಳನ್ನು ಕತ್ತಿನ ಎರಡೂ ಬದಿಗೆ ಮೆಲ್ಲಗೆ ಇಟ್ಟುಕೊಳ್ಳಿ. ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಹಗ್ಗದಂಥ ಸ್ನಾಯು ಸೆಟೆದರೆ ಅದು ಕೆಲಸ ಕಸಿದುಕೊಂಡಿದೆ ಎಂದೇ ಅರ್ಥ. ಎಬ್ಬಿಸಬೇಕಾದ್ದು ಬೆನ್ನುಮೂಳೆಗೆ ಅಂಟಿಕೊಂಡ ಒಳಗಿನ ಸಣ್ಣ ಸ್ನಾಯುಗಳನ್ನು. ದೀರ್ಘಕಾಲ ನೋವುಂಡವರಲ್ಲಿ ಹೆಚ್ಚಾಗಿ ಸೋಮಾರಿಯಾಗಿರುವುದು ಅವೇ. ಬಲ ತಗ್ಗಿಸಿ, ಸೆಟೆಯದಷ್ಟೇ ಬಾಗಿಸಿ.

ಎರಡು ವಾರದ ನಂತರ ಅಂಗೈ ಒತ್ತಡ. ಹಣೆಗೆ ಅಂಗೈ ಕೊಟ್ಟು, ತಲೆ ಅಲುಗದಂತೆ ಪೂರ್ಣ ಬಲದ ಕಾಲು ಭಾಗದಷ್ಟೇ ತಳ್ಳಿ, ಹತ್ತು ಸೆಕೆಂಡ್, ಐದು ಸಲ. ಹಾಗೆಯೇ ಹಿಂದೆ, ಎಡಕ್ಕೆ, ಬಲಕ್ಕೆ.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ವ್ಯಾಯಾಮಕ್ಕೆ ಬಳಸುವ ಉದ್ದನೆಯ ರಬ್ಬರ್ ಪಟ್ಟಿ. ಪಟ್ಟಿಯ ನಡುವನ್ನು ಕಾಲಡಿ ಮೆಟ್ಟಿ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ತುಸು ಬಾಗಿಸಿ, ತೋಳುಗಳನ್ನು ಪಕ್ಕದಿಂದ ಸ್ವಲ್ಪ ಮುಂದಕ್ಕೆ ಭುಜದ ಮಟ್ಟದವರೆಗೆ ಎತ್ತಿ ಇಳಿಸಬೇಕು. ಡೆನ್ಮಾರ್ಕಿನಲ್ಲಿ ಕುತ್ತಿಗೆ–ಭುಜ ನೋವಿನ 198 ಮಂದಿಯ ಪೈಕಿ ಮೂರನೇ ಎರಡರಷ್ಟು ಜನ ಇದೊಂದನ್ನೇ ವಾರಕ್ಕೆ ಐದು ದಿನ, ಹತ್ತು ವಾರ ಮಾಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡೇ ನಿಮಿಷ ಮಾಡಿದವರಿಗೂ ಹನ್ನೆರಡು ನಿಮಿಷ ಮಾಡಿದವರಿಗೂ ಸುಮಾರು ಒಂದೇ ಬಗೆಯಲ್ಲಿ ನೋವು ಇಳಿಯಿತು. ‘ಸಮಯವಿಲ್ಲ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಬಳಿ ಇಲ್ಲ. ಪಟ್ಟಿ ಇಲ್ಲದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿ ಎರಡು ಸಾಕು, ತಿಂಗಳ ನಂತರ ಒಂದು ಲೀಟರಿನದು. ಎತ್ತುವಾಗ ಭುಜ ಕಿವಿಯ ಕಡೆಗೆ ಏರಿದರೆ ತೂಕ ಹೆಚ್ಚಾಗಿದೆ. ಇದರ ಜೊತೆಗೆ ಪಟ್ಟಿಯನ್ನು ಕಿಟಕಿ ಸರಳಿಗೆ ಸುತ್ತಿ, ಮೊಣಕೈಗಳನ್ನು ಪಕ್ಕೆಗೆ ಉಜ್ಜುವಂತೆ ಹಿಂದಕ್ಕೆ ಎಳೆಯುವುದು ಹನ್ನೆರಡು ಸಲದಂತೆ ಮೂರು ಸುತ್ತು, ದಿನ ಬಿಟ್ಟು ದಿನ.

ವ್ಯಾಯಾಮದಲ್ಲಿ ನೋವು ಹತ್ತರಲ್ಲಿ ಮೂರು ನಾಲ್ಕರಷ್ಟು ಬಂದರೆ ನಿಲ್ಲಿಸಬೇಕಿಲ್ಲ. ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ಅಷ್ಟೇ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಫಿನ್ಲೆಂಡಿನಲ್ಲಿ 180 ಕಚೇರಿ ಉದ್ಯೋಗಿ ಮಹಿಳೆಯರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕುತ್ತಿಗೆಗೆ ಬಲ ತುಂಬುವ ವ್ಯಾಯಾಮ ಒಂದು ವರ್ಷ ನಡೆಯಿತು. ಬರೀ ಸ್ನಾಯು ಹಿಗ್ಗಿಸುವ ಮತ್ತು ಏರೋಬಿಕ್ ವ್ಯಾಯಾಮದ ಸಲಹೆ ಪಡೆದವರಿಗಿಂತ ಅದನ್ನು ಮಾಡಿದವರು ಬಹಳ ಮುಂದಿದ್ದರು. ನಮ್ಮಲ್ಲಿ ಎರಡನೇ ವಾರಕ್ಕೆ ನೋವು ತಗ್ಗುತ್ತಲೇ ಪಟ್ಟಿ ಮೂಲೆ ಸೇರುತ್ತದೆ, ಮೂರನೇ ತಿಂಗಳಿಗೆ ನೋವು ಹಾಜರ್.

ನಮ್ಮ ಫಿಸಿಯೋಥೆರಪಿ ವೃತ್ತಿಯವರ ತಪ್ಪನ್ನೂ ಮುಚ್ಚಿಡಬಾರದು. ‘ಹತ್ತು ದಿನ ಕರೆಂಟ್ ಕೊಡಿಸಿಕೊಳ್ಳಿ’ ಎಂಬ ಪ್ಯಾಕೇಜು ಊರೂರಲ್ಲಿ ಇದೆ: ಐಎಫ್‌ಟಿ (ಸ್ನಾಯುವಿಗೆ ಸಣ್ಣ ಕರೆಂಟ್ ಹರಿಸುವುದು) ಹದಿನೈದು ನಿಮಿಷ, ಅಲ್ಟ್ರಾಸೌಂಡ್ (ಶಬ್ದತರಂಗದ ಚಿಕಿತ್ಸೆ) ಐದು ನಿಮಿಷ, ಎಲ್ಲರಿಗೂ ಒಂದೇ ಟ್ರ್ಯಾಕ್ಷನ್ (ಯಂತ್ರದಿಂದ ಕತ್ತು ಜಗ್ಗುವುದು), ಕೊನೆಗೆ ವ್ಯಾಯಾಮದ ಒಂದು ಜೆರಾಕ್ಸ್ ಹಾಳೆ. ಅಲ್ಟ್ರಾಸೌಂಡಿನಿಂದ ದೀರ್ಘಕಾಲದ ಕುತ್ತಿಗೆ ನೋವು ಗುಣವಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಟ್ರ್ಯಾಕ್ಷನ್ ಉಪಯೋಗವಾಗಬಹುದಾದ್ದು ನರ ಒತ್ತಿ ತೋಳಿಗೆ ನೋವು ಇಳಿಯುವ ಕೆಲವರಿಗೆ. ಹತ್ತು ದಿನದಲ್ಲಿ ಒಂದು ದಿನವೂ ನಿಮ್ಮ ವ್ಯಾಯಾಮವನ್ನು ಎದುರಿಗೆ ನಿಂತು ನೋಡಿ ತಿದ್ದದ ಕ್ಲಿನಿಕ್ಕಿಗೆ ಹನ್ನೊಂದನೇ ದಿನ ಹೋಗಬೇಡಿ. ಕಾಲರ್ ಕೂಡ ಅಷ್ಟೇ. ಪೆಟ್ಟು ಬಿದ್ದು ವೈದ್ಯರು ಹೇಳಿದ್ದರೆ ಸರಿ, ಇಲ್ಲವಾದರೆ ಎರಡು ಮೂರು ದಿನ ಮೀರಿ ಕಟ್ಟಿಕೊಂಡರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ದಿಂಬು ಬಿಟ್ಟು ಮಲಗಿ ಎಂಬ ಸಲಹೆಯೂ ಎಲ್ಲರಿಗೂ ಹೊಂದದು. ಮಗ್ಗುಲಾಗಿ ಮಲಗುವವರಿಗೆ ಕಿವಿ ಮತ್ತು ಭುಜದ ನಡುವಿನ ಅಂತರ ತುಂಬುವಷ್ಟು ದಪ್ಪ ಬೇಕೇ ಬೇಕು.

ಮಾಲೀಶೂ ವ್ಯಾಯಾಮವೂ ಬೇಡದ, ನೇರ ಆಸ್ಪತ್ರೆಗೇ ಹೋಗಬೇಕಾದ ಸಂದರ್ಭಗಳಿವೆ. ಅಂಗಿಯ ಗುಂಡಿ ಹಾಕಲು ಬೆರಳು ಕೇಳದಿರುವುದು, ಕೈಯಿಂದ ಲೋಟ ಜಾರುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿ ಒತ್ತಿದ ಗುರುತು. ಜ್ವರ, ತೂಕ ಇಳಿತ, ರಾತ್ರಿ ಮಲಗಗೊಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ಬಿದ್ದ ಅಥವಾ ಅಪಘಾತದ ನಂತರದ ನೋವು, ಬೆವರಿನೊಂದಿಗೆ ಎಡತೋಳು ಮತ್ತು ದವಡೆಗೆ ಹಬ್ಬುವ ನೋವು, ಹಿಂದೆಂದೂ ಕಾಣದಂಥ ತಲೆನೋವು ಇವನ್ನು ಯಾರೂ ನೀವಿ ನೋಡಬಾರದು. ರುಮಟಾಯ್ಡ್ ಸಂಧಿವಾತದವರಲ್ಲಿ ಮೇಲಿನ ಎರಡು ಮೂಳೆಗಳ ಕಟ್ಟು ಸಡಿಲವಾಗಿರಬಹುದು. ಅವರ ಕುತ್ತಿಗೆಗೆ ಕೈ ಹಾಕುವ ಮೊದಲು ಎಕ್ಸ್‌ರೇ ಬೇಕು.

ಕೊನೆಯದು ಕ್ಷೌರದಂಗಡಿ. ಕಟಿಂಗ್ ಮುಗಿದ ಮೇಲೆ ತಲೆ ತಟ್ಟಿ, ಗಲ್ಲ ಮತ್ತು ನೆತ್ತಿ ಹಿಡಿದು ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಕ್ಕೆನಿಸುವ ನೆಟಿಕೆ. ಆ ಸದ್ದು ಮೂಳೆ ಸರಿಯಾದ ಜಾಗಕ್ಕೆ ಕೂತದ್ದಲ್ಲ, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯ ಸದ್ದು. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕ ಮೇಲೇರಿ, ಮೊದಲ ಮೂಳೆಯ ಮೇಲೆ ಸುತ್ತು ಹಾಕಿ ಒಳಹೋಗುತ್ತವೆ. ಹಠಾತ್ ತಿರುವಿಗೆ ಆ ನಾಳದ ಒಳಪದರ ಹರಿಯಬಹುದು, ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಪರೂಪ, ಆದರೆ ಕಟ್ಟುಕತೆಯಲ್ಲ: 2024ರಲ್ಲಿ ಬಳ್ಳಾರಿಯ 30 ವರ್ಷದ ಯುವಕರೊಬ್ಬರಿಗೆ ಕ್ಷೌರದಂಗಡಿಯ ಇಂಥದೇ ತಿರುವಿನ ನಂತರ ಪಾರ್ಶ್ವವಾಯುವಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು, ಅಲ್ಲಿ ಹರಿದದ್ದು ಕತ್ತಿನ ಮುಂಭಾಗದ ನಾಳ. ನೆಟಿಕೆಯ ನಂತರ ಗಂಟೆಗಳಲ್ಲೋ ದಿನಗಳಲ್ಲೋ ಒಂದೇ ಬದಿಯ ಕತ್ತು–ತಲೆನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಒಂದು ಕಡೆ ಜೋಮು ಇವುಗಳಲ್ಲಿ ಯಾವುದು ಬಂದರೂ ಕೂಡಲೇ ಸ್ಕ್ಯಾನ್ ಇರುವ ಆಸ್ಪತ್ರೆ ತಲುಪಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ಲಕ್ಷಣ ಶುರುವಾದಲ್ಲಿಂದ ನಾಲ್ಕೂವರೆ ಗಂಟೆ ಅಷ್ಟೇ.

ಕ್ಷೌರಿಕರನ್ನು ದೂರುವುದು ನಮ್ಮ ಉದ್ದೇಶವಲ್ಲ. ಗಿರಾಕಿಗಳೇ ಕೇಳಿ ಮಾಡಿಸಿಕೊಳ್ಳುತ್ತಾರೆ, ಬೇಡವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ನಗರಸಭೆಗಳು ಸಲೂನುಗಳಿಗೆ ಪರವಾನಗಿ ಕೊಡುವಾಗ ‘ಕತ್ತು ತಿರುಗಿಸುವಂತಿಲ್ಲ’ ಎಂಬ ಒಂದು ಸಾಲಿನ ಫಲಕವನ್ನು ಕನ್ನಡಿಯ ಪಕ್ಕ ಹಾಕಿಸಿದರೆ ಅಂಗಡಿಯವರಿಗೂ ಇಲ್ಲ ಎನ್ನಲು ಒಂದು ನೆಪ ಸಿಗುತ್ತದೆ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂರುವಾಗಲೇ ಹೇಳಿಬಿಡಿ: ‘ಅಣ್ಣಾ, ತಲೆಗೆ ಎಣ್ಣೆ ತಟ್ಟು ಸಾಕು, ಕತ್ತು ತಿರುಗಿಸಬೇಡ.’

– ಕೆಲವು ಫಿಸಿಯೋಥೆರಪಿಸ್ಟರು, ಶಿವಮೊಗ್ಗ